ಮಾನವ ಕಳ್ಳಸಾಗಣೆ ಪೊಲೀಸರ ಕೆಲಸ ಅಲ್ವಾ, ಇದರಲ್ಲಿ ನರ್ಸ್ ಏನು ಮಾಡಬಹುದು?

ನಾನು ಕ್ಯಾಶುವಾಲ್ಟಿಯಲ್ಲಿ ಸ್ಟಾಫ್ ನರ್ಸ್. ಕೇಸು ಹಾಕುವುದು, ಹಿಡಿಯುವುದು ಪೊಲೀಸರದ್ದೇ. ಆದರೆ ಕೂಡಿಹಾಕಿ ದುಡಿಸುವವರು ಯಾರನ್ನೂ ತಾವಾಗಿ ಸ್ಟೇಷನ್ನಿಗೆ ಕರೆತರುವುದಿಲ್ಲ. ಕೈ ಸುಟ್ಟರೆ, ಬಸಿರಾದರೆ ಆಸ್ಪತ್ರೆಗೆ ತರಲೇಬೇಕಾಗುತ್ತೆ.

ನಾನು ಹೊಸದಾಗಿ ಸೇರಿದಾಗ ಇಟ್ಟಿಗೆ ಗೂಡಿನಿಂದ ಒಬ್ಬ ಹುಡುಗಿ ಬಂದಳು. ಸುಟ್ಟ ಕೈಯಲ್ಲಿ ಕೀವು ತುಂಬಿತ್ತು. ಹೆಸರು, ವಯಸ್ಸು ಎಲ್ಲ ಪಕ್ಕದಲ್ಲಿದ್ದವನೇ ಹೇಳಿದ. "ಅವಳಿಗೆ ಒಡಿಯಾ ಮಾತ್ರ ಬರೋದು ಸಿಸ್ಟರ್." ಆಧಾರ್ ಮಾಲೀಕರ ಹತ್ತಿರ ಇದೆಯಂತೆ. ಪಾಪ, ಜೊತೆಗೆ ಬಂದಿದ್ದಾನಲ್ಲ ಅಂದುಕೊಂಡು ಡ್ರೆಸ್ಸಿಂಗ್ ಮಾಡಿ ಕಳಿಸಿದೆ. ಅವಳು ಮತ್ತೆ ಬರಲೇ ಇಲ್ಲ.

ಈಗ ಅಂಥವರು ಬಂದರೆ ಯೂರಿನ್ ಟೆಸ್ಟ್ ಅಂತ ಒಳಗೆ ಕರೆದುಕೊಂಡು ಹೋಗುತ್ತೇನೆ. ಜೊತೆಗೆ ಬಂದವನು ಹೊರಗೆ. ಭಾಷೆ ಬಾರದಿದ್ದರೆ ಬೇರೆ ಯಾರನ್ನಾದರೂ ಹುಡುಕುತ್ತೇನೆ, ಅವನನ್ನಂತೂ ಕೇಳುವುದಿಲ್ಲ. "ನಿನ್ನನ್ನು ಮಾರಿದ್ದಾರಾ?" ಅಂತ ಕೇಳಿದರೆ ಯಾರೂ ಹೌದು ಅನ್ನಲ್ಲ. ಸಂಬಳ ಯಾರ ಕೈಗೆ ಬರುತ್ತೆ? ಊರಿಗೆ ಹೋಗ್ತೀನಿ ಅಂದ್ರೆ ಬಿಡ್ತಾರಾ? ಇಷ್ಟು ಸಾಕು. ಮುಂಗಡ ತೀರುವವರೆಗೂ ಬಿಡಲ್ಲ ಅಂದರೆ ಅದು ಜೀತ. 1976ರ ಕಾಯ್ದೆಯಲ್ಲೇ ಅದು ರದ್ದಾಗಿದೆ.

ಇನ್ನೊಂದು ಮಾತು, ಇದನ್ನು ಕಾಲೇಜಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಒಪಿಡಿ ಚೀಟಿ ಹೋಗೋದು ಜೊತೆಗೆ ಬಂದವನ ಜೇಬಿಗೆ. ನಿಮ್ಮ ಅನುಮಾನವನ್ನಾಗಲಿ, ಮಹಿಳಾ ಸಹಾಯವಾಣಿ 181 ಅಂತಾಗಲಿ ಅದರಲ್ಲಿ ಬರೆಯಬೇಡಿ. ನಂಬರ್ ಬಾಯಲ್ಲಿ ಹೇಳಿ. ಗಾಯದ ಅಳತೆ, ಅವಳು ಆಡಿದ ಮಾತು ಇದ್ದ ಹಾಗೇ ಆಸ್ಪತ್ರೆಯಲ್ಲಿ ಉಳಿಯುವ ಕೇಸ್ ಶೀಟಿನಲ್ಲಿರಲಿ.

18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅನ್ನಿಸಿದರೆ ಯೋಚನೆ ಮಾಡುತ್ತಾ ಕೂರುವಂತಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ನಮಗೇ ಶಿಕ್ಷೆ. ಮಕ್ಕಳಿಗೆ 1098 ಇದೆ.

ದೊಡ್ಡವರಾದರೆ ಕಷ್ಟ. ಎಷ್ಟೋ ಸಲ "ಏನೂ ಬೇಡ ಸಿಸ್ಟರ್" ಅಂತಾರೆ. ಒತ್ತಾಯ ಮಾಡಲ್ಲ, ಅವನ ಜೊತೆ ಜಗಳಕ್ಕೂ ಹೋಗಲ್ಲ. ರಾತ್ರಿ ಅವಳು ಇರಬೇಕಾದ್ದು ಅಲ್ಲೇ ತಾನೇ. ಎರಡು ದಿನ ಬಿಟ್ಟು ಡ್ರೆಸ್ಸಿಂಗ್‌ಗೆ ಕರೆತರದಿದ್ದರೆ ಸೆಪ್ಟಿಕ್ ಆಗಿ ಕೈ ಹೋಗಬಹುದು ಅಂತ ಅವನಿಗೇ ಗಟ್ಟಿಯಾಗಿ ಹೇಳುತ್ತೇನೆ. ಆಳಿನ ಕೈ ಹೋದರೆ ನಷ್ಟ ಅವನಿಗೂ ಅಲ್ವಾ, ಸಾಮಾನ್ಯವಾಗಿ ಕರೆತರುತ್ತಾನೆ. ಎರಡನೇ ಸಲ ಬಂದಾಗ ಅವಳು ಸ್ವಲ್ಪ ಜಾಸ್ತಿ ಮಾತಾಡುತ್ತಾಳೆ.