ಪುಣೆಯ ಸಹೋದ್ಯೋಗಿಗಳಿಗೆ ಕನ್ನಡದ ಯಾವುದನ್ನು ಕೇಳಿ, ನೋಡಿ, ಓದಿ ಎಂದು ಹೇಳಲಿ?

ಪುಣೆಯ ಕಂಪನಿಯೊಂದಕ್ಕೆ ಹೊಸದಾಗಿ ಸೇರಿದ್ದೀರಿ. ಊಟದ ಹೊತ್ತಿನಲ್ಲಿ ಮರಾಠಿ ಸಹೋದ್ಯೋಗಿಗಳು ತಾವು ಸದ್ಯ ಮೆಚ್ಚಿರುವ ಹಾಡು, ಧಾರಾವಾಹಿ, ಪುಸ್ತಕಗಳ ಹೆಸರು ಹೇಳಿ, ನಿಮ್ಮ ಕನ್ನಡದಲ್ಲಿ ಏನಿದೆ ಎಂದು ಕೇಳಿದಾಗ ಏನೂ ತೋಚುವುದಿಲ್ಲ ಎಂದು ಬರೆದಿದ್ದೀರಿ. ಹಲವು ವರ್ಷಗಳಿಂದ ಇದೇ ಊರಿನಲ್ಲಿ ನೌಕರಿ ಮಾಡಿಕೊಂಡಿರುವವನಾಗಿ ನನ್ನ ಅಭಿಪ್ರಾಯ ಇಷ್ಟು: ಕನ್ನಡದ ಶ್ರೇಷ್ಠ ಕೃತಿ ಯಾವುದೆಂದು ಹುಡುಕುತ್ತ ಕೂರಬೇಡಿ; ಎದುರಿಗೆ ಕುಳಿತವರಿಗೆ ಇವತ್ತೇ ದಕ್ಕುವಂಥದ್ದನ್ನು, ಎಲ್ಲಿಂದ ಆರಂಭಿಸಬೇಕೆಂಬುದನ್ನೂ ಸೇರಿಸಿ ಹೇಳಿ.

ಸಂಗೀತದ ಮಟ್ಟಿಗೆ ಈ ಕೆಲಸವನ್ನು ಗದಗಿನ ಭೀಮಸೇನ ಜೋಶಿಯವರು ನಮಗಿಂತ ಮೊದಲೇ ಮುಕ್ಕಾಲು ಪಾಲು ಮುಗಿಸಿಟ್ಟಿದ್ದಾರೆ. ಕುಂದಗೋಳದವರಾದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗಾಗಿ ಅವರು 1953ರಲ್ಲಿ ಇಲ್ಲಿ ಆರಂಭಿಸಿದ ಸಂಗೀತೋತ್ಸವಕ್ಕೆಂದೇ ಡಿಸೆಂಬರಿನಲ್ಲಿ ರಜೆ ಉಳಿಸಿಟ್ಟುಕೊಳ್ಳುವವರು ನಮ್ಮ ಕಚೇರಿಯಲ್ಲಿಯೂ ಇದ್ದಾರೆ. ಲೆಕ್ಕಪತ್ರ ವಿಭಾಗದಲ್ಲಿ ನಾವೆಲ್ಲರೂ ಕಾಕಾ ಎಂದು ಕರೆಯುವ ಹಿರಿಯರೊಬ್ಬರಿಗೆ ಭೀಮಸೇನರ ಅಭಂಗಗಳೆಲ್ಲ ಬಾಯಿಪಾಠ. ಆದರೆ ಅದೇ ಕಂಠದ ದಾಸರ ಪದಗಳಲ್ಲಿ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ದ ಆಚೆಗೆ ಅವರು ಹೋಗಿರಲಿಲ್ಲ. ನಾನು ಉದ್ದನೆಯ ಪಟ್ಟಿಯನ್ನೇನೂ ಕಳಿಸದೆ, ಒಂದೇ ಒಂದು ಪದವನ್ನು ಕಳಿಸಿ, ಅದರ ತಾತ್ಪರ್ಯವನ್ನು ನನ್ನ ಹರಕುಮುರುಕು ಮರಾಠಿಯಲ್ಲಿ ಬರೆದೆ. ಮರುದಿನ ಡಬ್ಬಿ ಬಿಚ್ಚುವ ಮೊದಲೇ ಕಾಕಾ ತಮ್ಮ ಇಯರ್‌ಫೋನನ್ನು ನನ್ನ ಕೈಗಿಟ್ಟು ‘ಹೇ ಐಕಾ’ (ಇದನ್ನು ಕೇಳಿ) ಎಂದರು. ಗ. ದಿ. ಮಾಡಗೂಳಕರರು ಬರೆದು, ಸುಧೀರ ಫಡಕೆ ಮತ್ತು ವಸಂತರಾವ್ ದೇಶಪಾಂಡೆಯವರು ಹಾಡಿರುವ, 1970ರ ಚಿತ್ರವೊಂದರ ‘ಕಾನಡಾ ರಾಜಾ ಪಂಢರೀಚಾ’ ಅದು. ಪಂಢರಪುರದ ವಿಠ್ಠಲನನ್ನು ಕನ್ನಡದ ದೊರೆಯೆಂದು ಕೊಂಡಾಡುವ ಮರಾಠಿ ಹಾಡನ್ನು ಕನ್ನಡಿಗನಿಗೆಂದೇ ಆರಿಸಿ ತಂದಿದ್ದರಲ್ಲ, ಆ ಔಚಿತ್ಯವನ್ನು ನಾನು ಅವರಿಂದಲೇ ಕಲಿತೆ.

ಟಿವಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಹಿಂದಿಯಲ್ಲಿಯೇ ಇರುವುದರಿಂದ ಭಾಷೆಯ ತೊಡಕಿಲ್ಲ, ಕಂತುಗಳೂ ಊಟದ ಬಿಡುವಿನಲ್ಲಿ ಮುಗಿಯುವಷ್ಟು ಚಿಕ್ಕವು. ಸ್ವಾಮಿಯ ಕಥೆ ಎಲ್ಲರಿಗೂ ಗೊತ್ತಿರುತ್ತದೆ. ಹುಡುಗಿಯ ಮದುವೆ ತಪ್ಪಬಾರದೆಂದು ಸಾವಿನ ಸುದ್ದಿಯನ್ನು ತನ್ನಲ್ಲೇ ಬಚ್ಚಿಟ್ಟುಕೊಳ್ಳುವ ಅಂಚೆಯವನ ಕಂತನ್ನು ಮೊದಲು ನೋಡಲು ಹೇಳಿ.

ಪುಸ್ತಕಗಳ ಬಗ್ಗೆ ಮಾತ್ರ ಸ್ವಲ್ಪ ಎಚ್ಚರದಿಂದಿರಿ, ಏಕೆಂದರೆ ನೀವು ಎಸ್. ಎಲ್. ಭೈರಪ್ಪನವರ ಹೆಸರೆತ್ತುವಷ್ಟರಲ್ಲಿ ಎದುರಿನವರು ನಿಮಗಿಂತ ಹೆಚ್ಚು ಕಾದಂಬರಿಗಳನ್ನು ಓದಿ ಮುಗಿಸಿರುವ ಸಾಧ್ಯತೆ ಇದೆ. ಅದಕ್ಕೆ ಕಾರಣ ಪುಣೆಯವರೇ ಆದ ಉಮಾ ಕುಲಕರ್ಣಿಯವರ ಅನುವಾದಗಳು. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಪಠ್ಯವನ್ನು ಓದಿ ಧ್ವನಿಮುದ್ರಿಸಿಕೊಡುವುದು, ಅದನ್ನು ಕೇಳಿಸಿಕೊಂಡು ಉಮಾ ಅವರು ಮರಾಠಿಗೆ ತರುವುದು, ಹೀಗೆ ಆ ಮನೆಯ ಕಸುಬು ಸಾಗಿಬಂದಿದೆ. ಆದ್ದರಿಂದ ‘ಇದನ್ನು ಓದಿ’ ಎನ್ನುವುದಕ್ಕಿಂತ ‘ಯಾವುದನ್ನು ಓದಿದ್ದೀರಿ’ ಎಂದು ಕೇಳುವುದು ಲೇಸು. ಮಾತು ತಾನಾಗಿಯೇ ಬೆಳೆಯುತ್ತದೆ, ಕೆಲವೊಮ್ಮೆ ಜಗಳದವರೆಗೂ.

ಸೊಲ್ಲಾಪುರ, ಬೆಳಗಾವಿಗಳ ಕಡೆಯಿಂದ ಬಂದ, ಕನ್ನಡ ಓದಬಲ್ಲ ಸಹೋದ್ಯೋಗಿ ಸಿಕ್ಕರೆ ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಅಗತ್ಯವಾಗಿ ಕೊಡಿ. 1979ರ ಈ ಕಾದಂಬರಿಯಲ್ಲಿ ಮುಂಬಯಿಯ ಕಂಪನಿಯೊಂದರ ಅಧಿಕಾರಿಯನ್ನು ಬೇಟೆಯಾಡುವ ಬಗೆ ಕಚೇರಿಗಳಲ್ಲಿ ದುಡಿದವರಿಗೆ ಬೇಗ ಅರ್ಥವಾಗುತ್ತದೆ. ಮೇಲಧಿಕಾರಿಗಳು ಕುಳಿತಿರುವ ಮೇಜಿನಲ್ಲಿ ಅದನ್ನು ಹೊಗಳಬೇಕೇ ಎಂಬುದನ್ನು ನಿಮ್ಮ ವಿವೇಚನೆಗೆ ಬಿಡುತ್ತೇನೆ.

ಅವರಿಂದಲೂ ಏನಾದರೂ ಕೇಳಿ ಪಡೆಯಿರಿ. ಮರಾಠಿ ಓದುವುದು ನಿಮಗೆ ಇನ್ನೂ ನಿಧಾನವಾಗಿದ್ದರೆ ಮರಾಠಿಯ ಹಾಸ್ಯ ಬರಹಗಾರ ಪು. ಲ. ದೇಶಪಾಂಡೆಯವರು ತಮ್ಮದೇ ಬರಹಗಳನ್ನು ಓದಿರುವ ಧ್ವನಿಮುದ್ರಣಗಳಿವೆ. ಮೊದಲು ಅವರ ವ್ಯಕ್ತಿಚಿತ್ರಗಳ ಸಂಕಲನ ‘ವ್ಯಕ್ತಿ ಆಣಿ ವಲ್ಲಿ’ಯಲ್ಲಿ ಬರುವ, ರತ್ನಾಗಿರಿಯ ‘ಅಂತೂ ಬರ್ವಾ’ ಎಂಬ ಪಾತ್ರದ ಚಿತ್ರಣವನ್ನು ಕೇಳಿ, ಅರ್ಥವಾಗದ ಕಡೆ ನಿಲ್ಲಿಸಿ, ಮರುದಿನ ಊಟದ ಮೇಜಿನಲ್ಲಿ ಯಾರನ್ನಾದರೂ ವಿಚಾರಿಸಿದರೆ ಸಾಕು, ಉಳಿದದ್ದನ್ನು ಅವರೇ ಅಭಿನಯಿಸಿ ತೋರಿಸುತ್ತಾರೆ.