ಆ ಲೋಟ ಈಗ ಎಲ್ಲಿದೆ?

ಕೊಡಗಿನ ಗೋಣಿಕೊಪ್ಪ ಕಡೆಯ ಕಾಫಿ ಬೆಳೆಗಾರರೊಬ್ಬರು ಈ ತಿಂಗಳು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಕಳೆದ ಸಂಚಿಕೆಯಲ್ಲಿ ನಾವು ತೋಟದ ಮನೆಯೊಂದರ ಮದುವೆ ಬಗ್ಗೆ ಒಂದು ಸಣ್ಣ ಬರಹ ಹಾಕಿದ್ದೆವು. ಲೈನ್ ಮನೆಯವರಿಗೆ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೆಲಸದವರಿಗೆ, ಎಲ್ಲರ ಊಟ ಮುಗಿದ ಮೇಲೆ, ಕಾಫಿ ಕಣದ ಆಚೆ ಎಲೆ ಹಾಕಿದ್ದರು ಎಂದು ಅದರಲ್ಲಿ ಇತ್ತು. ಅದನ್ನು ಓದಿ ಅವರಿಗೆ ಬೇಜಾರಾಗಿದೆ. ಪತ್ರದ ಸಾರ ಹೀಗಿದೆ:

"ಯಾವ ಧರ್ಮವೂ ಭೇದ ಕಲಿಸಿಲ್ಲ. ಗೀತೆ, ಬೈಬಲ್, ಕುರಾನ್ ಎಲ್ಲದರಲ್ಲೂ ಇರುವುದು ಸಮಾನತೆಯೇ. ತಪ್ಪು ಮಾಡುವುದು ಯಾರೋ ನಾಲ್ಕು ಜನ. ಅದಕ್ಕೆ ದೇವರನ್ನು, ಸಂಪ್ರದಾಯವನ್ನು ಯಾಕೆ ಎಳೆದು ತರುತ್ತೀರಿ? ಪ್ರತ್ಯೇಕ ಲೋಟ ಎಲ್ಲ ಹಳೇ ಕತೆ, ಈಗ ಎಲ್ಲೂ ಇಲ್ಲ. ನಮ್ಮ ತೋಟದಲ್ಲಿ ಕೆಲಸ ಮಾಡುವ ಬುಡಕಟ್ಟಿನ ಎರವರು ತಾವಾಗಿಯೇ ದೂರ ಕೂರುತ್ತಾರೆ. ಒಳಗೆ ಕರೆದರೂ ಬರುವುದಿಲ್ಲ."

ಕೊನೆಗೆ, ಏಪ್ರಿಲ್‌ನಲ್ಲಿ ಮಗಳ ಮದುವೆ, ಮನೆಯಲ್ಲೇ ಮಾಡುತ್ತಿದ್ದೇವೆ, ಬನ್ನಿ ಎಂದು ಕರೆದಿದ್ದಾರೆ. ಸಿಟ್ಟಿನ ಪತ್ರದ ಕೊನೆಯಲ್ಲೂ ಊಟಕ್ಕೆ ಕರೆಯುವುದು ಕೊಡಗಿನ ಗುಣ. ಅದಕ್ಕೇ ಈ ಪತ್ರಕ್ಕೆ ಎರಡು ಸಾಲಿನ ಉತ್ತರ ಕೊಟ್ಟು ಮುಗಿಸಲು ಮನಸ್ಸಾಗಲಿಲ್ಲ.

ಸರ್, ಗ್ರಂಥಗಳಲ್ಲಿ ಒಳ್ಳೆಯ ಮಾತು ಬೇಕಾದಷ್ಟಿದೆ ಎಂಬುದನ್ನು ಒಪ್ಪುತ್ತೇನೆ. ನೀವು ಓದಿಕೊಂಡು ಬರೆದಿದ್ದೀರಿ, ಅದು ಪತ್ರದಲ್ಲೇ ಕಾಣುತ್ತದೆ. ಕೆಲಸದವರ ಮಕ್ಕಳ ಶಾಲೆಯ ಖರ್ಚನ್ನೂ ನೋಡಿಕೊಳ್ಳುತ್ತೀರಂತೆ, ಸಂತೋಷ. ಆದರೆ ದೇವರನ್ನು ಯಾಕೆ ಎಳೆಯುತ್ತೀರಿ ಎಂದು ಕೇಳಿದಿರಲ್ಲ, ಆ ಪ್ರಶ್ನೆ ನನ್ನನ್ನು ನಮ್ಮ ಮನೆಯ ಹಿತ್ತಲಿಗೆ ಕರೆದುಕೊಂಡು ಹೋಯಿತು.

ನಮ್ಮ ಸೌದೆ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಗೂಡಿತ್ತು. ಅದರಲ್ಲಿ ಮೂರು ಅಲ್ಯೂಮಿನಿಯಂ ಲೋಟ ಬೋರಲು ಹಾಕಿರುತ್ತಿದ್ದರು. ಅದಕ್ಕೂ ಮೊದಲು ತೆಂಗಿನ ಗೆರಟೆ ಇತ್ತಂತೆ. ಕೆಲಸಕ್ಕೆ ಬಂದವರು ತಾವೇ ಲೋಟ ತೆಗೆದುಕೊಂಡು ಮೆಟ್ಟಿಲ ಕೆಳಗೆ ನಿಲ್ಲಬೇಕು. ಅಜ್ಜಿ ಮೇಲಿನಿಂದ ಬೆಲ್ಲದ ಕಾಫಿ ಸುರಿಯುತ್ತಿದ್ದರು, ಪಾತ್ರೆಗೆ ಲೋಟ ತಾಗದ ಹಾಗೆ. ಕುಡಿದು, ತೊಳೆದು, ಮತ್ತೆ ಅದೇ ಗೂಡಿನಲ್ಲಿ ಬೋರಲು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಎರವರ ಹೆಂಗಸೊಬ್ಬರಿದ್ದರು. ನನಗೆ ಅನ್ನ ಕಲಸಿ ತಿನ್ನಿಸಲು ಅವರ ಕೈ ಆಗುತ್ತಿತ್ತು. ಅವರು ಕುಡಿದ ಲೋಟ ಮಾತ್ರ ಆಗುತ್ತಿರಲಿಲ್ಲ.

ಏಳು ವರ್ಷದವನಿದ್ದಾಗ ಒಂದು ದಿನ ಬಾಯಾರಿ ಆ ಲೋಟದಲ್ಲೇ ನೀರು ಕುಡಿದುಬಿಟ್ಟೆ. ಅಜ್ಜಿ ಹೊಡೆಯಲಿಲ್ಲ. ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ತಲೆಗೆ ನೀರು ಹುಯ್ದರು. ಆಮೇಲೆ ದೇವರ ಕೋಣೆಯಿಂದ ತೀರ್ಥ ತಂದು ಚಿಮುಕಿಸಿ, ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಆ ಹೆಂಗಸು ಸೌದೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಮ್ಮ ಅಜ್ಜಿ ಕೆಟ್ಟವರಲ್ಲ ಸರ್. ಭಿಕ್ಷೆಗೆ ಬಂದವರನ್ನು ಬರಿಗೈಲಿ ಕಳಿಸಿದವರಲ್ಲ. ಆದರೆ ಆ ಲೋಟ ತೊಳೆಯಲು ದೇವರನ್ನು ಕರೆದವರು ಅವರೇ. ನಮ್ಮ ಪತ್ರಿಕೆ ಕರೆದಿದ್ದಲ್ಲ.

ಮಹಾಡ್‌ನಲ್ಲೂ ಹೀಗೇ ಆಯಿತು. 1927ರ ಮಾರ್ಚ್ ತಿಂಗಳಲ್ಲಿ ಮಹಾರಾಷ್ಟ್ರದ ಆ ಊರಿನಲ್ಲಿ ಅಂಬೇಡ್ಕರ್ ತಮ್ಮ ಜನರ ಜೊತೆ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಬೇರೆ ಏನೂ ಮಾಡಲಿಲ್ಲ, ನೀರು ಕುಡಿದರು ಅಷ್ಟೇ. ಆಮೇಲೆ ಊರಿನ ಮೇಲ್ಜಾತಿಯವರು ಕೆರೆಗೆ ಸಗಣಿ, ಗಂಜಲ, ಹಾಲು, ಮೊಸರು ಸುರಿದು, ಮಂತ್ರ ಹೇಳಿಸಿ ಶುದ್ಧ ಮಾಡಿದರು. ಎಮ್ಮೆ, ದನ ಆ ಕೆರೆಯಲ್ಲಿ ನೀರು ಕುಡಿಯುತ್ತಿದ್ದವು, ಅದಕ್ಕೆ ಯಾರೂ ಮಂತ್ರ ಹೇಳಿಸಿರಲಿಲ್ಲ. ಅದೇ ವರ್ಷ ಡಿಸೆಂಬರ್ 25ರಂದು ಅದೇ ಊರಿನಲ್ಲಿ ಮನುಸ್ಮೃತಿ ಸುಟ್ಟರು. ಸುಮ್ನೆ ಸಿಟ್ಟಿಗೆ ಸುಟ್ಟಿದ್ದಲ್ಲ. ಆ ಪುಸ್ತಕಕ್ಕೂ ಕೆರೆಯ ನೀರಿಗೂ ಸಂಬಂಧ ಇದೆ ಎಂದು ಕಣ್ಣಾರೆ ಕಂಡಿದ್ದರು.

ಹಾಗಂತ ಧರ್ಮ ಎಂದರೆ ಬರೀ ಭೇದ ಎಂದು ನಾನು ಹೇಳುತ್ತಿಲ್ಲ. ನನಗೆ ಧರ್ಮದ ಮೇಲೆ ಪ್ರೀತಿ ಇದೆ. ಊಟದ ಸಾಲಿನಲ್ಲಿ ಅದು ಹೇಗೆ ನಡೆದುಕೊಂಡಿತು ಎಂದು ಮಾತ್ರ ನೋಡುತ್ತೇನೆ. ಕೇರಳದ ಚೆರಾಯಿಯಲ್ಲಿ 1917ರಲ್ಲಿ ಸಮಾಜ ಸುಧಾರಕ ಸಹೋದರನ್ ಅಯ್ಯಪ್ಪನ್, ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಪುಲಯರ ಜೊತೆ ಸೇರಿ ಎಲ್ಲರೂ ಉಣ್ಣುವ ಮಿಶ್ರಭೋಜನ ಮಾಡಿಸಿದರು. ಅವರ ಜಾತಿಯವರೇ ಅವರನ್ನು ಹೊರಗಿಟ್ಟು 'ಪುಲಯನ್ ಅಯ್ಯಪ್ಪನ್' ಎಂದು ಹೀಯಾಳಿಸಿದರು. ಅವರು ಆ ಹೆಸರನ್ನು ಹೆಮ್ಮೆಯಿಂದ ಒಪ್ಪಿಕೊಂಡರು. ಸಿಖ್ಖರ ಲಂಗರ್‌ನಲ್ಲಿ ಎಲ್ಲರೂ ಒಂದೇ ನೆಲದ ಮೇಲೆ ಸಾಲಾಗಿ ಕೂರುತ್ತಾರೆ. ಆ ಸಾಲಿಗೆ ಅವರು ಪಂಗತ್ ಎನ್ನುತ್ತಾರೆ. ನಮ್ಮ ಪಂಕ್ತಿ ಎಂಬ ಮಾತೇ ಅದು. ಅವರು ಅದನ್ನು ಜನರನ್ನು ಸೇರಿಸಲು ಇಟ್ಟುಕೊಂಡರು. ನಾವು ಅದಕ್ಕೆ ಭೇದ ಎಂಬ ಬಾಲ ಕಟ್ಟಿದೆವು.

ಬೈಬಲ್ ಹೆಸರು ನೀವೇ ಎತ್ತಿದ್ದೀರಿ. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಪೇತ್ರನ ಪ್ರಸಂಗ. ಯೇಸುವಿನ ಜೊತೆ ಓಡಾಡಿದ ಶಿಷ್ಯ ಅವನು. ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದವರ ಜೊತೆ ಕೂತು ಉಣ್ಣುತ್ತಿದ್ದ. ಜೆರೂಸಲೇಮಿನಿಂದ ತನ್ನವರು ಬಂದರು ನೋಡಿ, ಮೆಲ್ಲಗೆ ಎದ್ದು ದೂರ ಸರಿದ. ಅವನನ್ನು ನೋಡಿ ಬೇರೆಯವರೂ ಸರಿದರು. ಪೌಲ ಎಲ್ಲರ ಎದುರಿಗೇ ಅವನನ್ನು ತರಾಟೆಗೆ ತೆಗೆದುಕೊಂಡ. ಪೇತ್ರನಿಗೆ ಗೊತ್ತಿಲ್ಲದ ಉಪದೇಶವೇ? ಎಲ್ಲ ಗೊತ್ತಿತ್ತು. ತನ್ನವರು ನೋಡುತ್ತಿದ್ದಾರೆ ಎಂದ ಕೂಡಲೇ ಕಾಲು ಹಿಂದೆ ಹೋಯಿತು. ನಮ್ಮ ಮದುವೆ ಮನೆಗಳಲ್ಲಿ ಆಗುವುದೂ ಇದೇ ಅಲ್ವಾ? ಬೇರೆ ದಿನ ಕೆಲಸದವರ ಜೊತೆ ಕಟ್ಟೆಯ ಮೇಲೆ ಕೂತು ಹರಟುವವರೇ, ನೆಂಟರು ಬಂದ ದಿನ ಕಣದ ಆಚೆ ಎಲೆ ಹಾಕಿಸುತ್ತಾರೆ.

ಇಸ್ಲಾಮಿನಲ್ಲಿ ಬಿಲಾಲ್ ಇದ್ದಾರೆ. ಗುಲಾಮರಾಗಿದ್ದ ಆಫ್ರಿಕಾ ಮೂಲದ ಅವರೇ ಮೊದಲ ಅಜಾನ್ ಕೂಗಿದವರು. ಆದರೂ ನಮ್ಮ ದೇಶದ ಮುಸ್ಲಿಮರಲ್ಲಿ ಮೇಲು ಕೀಳಿನ ಲೆಕ್ಕ ಇದೆ. ಕ್ರೈಸ್ತರಲ್ಲಿ ದಲಿತರಿಗೆ ಬೇರೆ ಸ್ಮಶಾನ ಇರುವ ಊರುಗಳಿವೆ. ಒಂದೊಂದೇ ಧರ್ಮವನ್ನು ಕಟಕಟೆಗೆ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಕತೆ ಒಳ್ಳೆಯದಿದ್ದ ಮಾತ್ರಕ್ಕೆ ಊಟದ ಸಾಲು ನೆಟ್ಟಗಾಗುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಬುದ್ಧನಿಗೆ ಇದು ಗೊತ್ತಿತ್ತು. ಶಾಕ್ಯ ರಾಜಕುಮಾರರು ಸನ್ಯಾಸ ತೆಗೆದುಕೊಳ್ಳಲು ಬಂದಾಗ ಅವರ ಜೊತೆ ಉಪಾಲಿ ಎಂಬ ಕ್ಷೌರಿಕನೂ ಇದ್ದ. ನಮಗೆ ಸೊಕ್ಕು ಜಾಸ್ತಿ, ಮೊದಲು ಇವನಿಗೆ ದೀಕ್ಷೆ ಕೊಡಿ, ಆಗ ನಾವು ಇವನಿಗೆ ನಮಸ್ಕಾರ ಮಾಡಲೇಬೇಕಾಗುತ್ತದೆ ಎಂದು ಆ ರಾಜಕುಮಾರರೇ ಕೇಳಿಕೊಂಡರು. ಬುದ್ಧ ಹಾಗೇ ಮಾಡಿದ. ಮನಸ್ಸು ಬದಲಾಗಲಿ ಎಂದು ಅವರು ಕಾಯಲಿಲ್ಲ, ಮೊದಲು ಸಾಲು ಬದಲಿಸಿದರು.

ಇನ್ನು 'ಅವರೇ ದೂರ ಕೂರುತ್ತಾರೆ' ಎಂಬ ನಿಮ್ಮ ಮಾತು. ಪತ್ರದಲ್ಲಿ ನನಗೆ ನೋವಾಗಿದ್ದು ಇದೊಂದೇ. ಗಡಿಯಾಚೆ ವಯನಾಡಿನ ವಳ್ಳಿಯೂರ್‌ಕಾವು ದೇವಸ್ಥಾನ ನಿಮಗೆ ಗೊತ್ತಿರುತ್ತದೆ. ಹಿಂದೆ ಅಲ್ಲಿನ ಜಾತ್ರೆಯಲ್ಲಿ ಜಮೀನುದಾರರು ಅಡಿಯ, ಪಣಿಯ ಬುಡಕಟ್ಟಿನ ಜನರನ್ನು ಒಂದು ವರ್ಷದ ದುಡಿಮೆಗೆ ಗೊತ್ತು ಮಾಡಿಕೊಳ್ಳುತ್ತಿದ್ದರು. ದೇವಿಯ ಎದುರು ಮುಂಗಡ ಹಿಡಿದ ಮೇಲೆ ಬಿಟ್ಟು ಹೋಗುವಂತಿಲ್ಲ. ಹೋದರೆ ದೇವಿ ಮುನಿಯುತ್ತಾಳೆ ಎಂಬ ಹೆದರಿಕೆ. ಆ ಅಡಿಯರು ನಮ್ಮ ಎರವರ ಬಳಗವೇ. ಇಬ್ಬರೂ ತಮ್ಮನ್ನು ರಾವುಳರು ಎಂದು ಕರೆದುಕೊಳ್ಳುತ್ತಾರೆ. ಜೀತವನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ತಲೆಮಾರುಗಟ್ಟಲೆ ಮೆಟ್ಟಿಲ ಕೆಳಗೆ ನಿಲ್ಲಿಸಿ, ಒಂದು ದಿನ ಬಾ ಒಳಗೆ ಎಂದರೆ ಕಾಲು ಏಳುತ್ತದೆಯೇ?

ಅವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಮೇ ತಿಂಗಳಲ್ಲಿ ದೇವರಪುರಕ್ಕೆ ಹೋಗಿ. ಬೋಡ್ ನಮ್ಮೆ, ಊರವರು ಕುಂಡೆ ಹಬ್ಬ ಎನ್ನುತ್ತಾರಲ್ಲ, ಅದು. ಬೇಟೆಗೆಂದು ಕಾಡಿನ ಜನರನ್ನು ಕರೆದುಕೊಂಡು ಹೋದ ಅಯ್ಯಪ್ಪ, ಭದ್ರಕಾಳಿಯ ಹಿಂದೆ ಹೋಗಿ ಇವರನ್ನು ನಡುದಾರಿಯಲ್ಲಿ ಬಿಟ್ಟನಂತೆ. ಆ ಸಿಟ್ಟಿಗೆ ಎರವರು, ಜೇನು ಕುರುಬರು ವೇಷ ಹಾಕಿಕೊಂಡು ದೇವರನ್ನೂ ಬೈಯುತ್ತಾರೆ, ಎದುರಿಗೆ ಸಿಕ್ಕ ಸಾಹುಕಾರನನ್ನೂ ಬೈಯುತ್ತಾರೆ. ನಾವು ನಗುತ್ತಾ ಚಿಲ್ಲರೆ ಕೊಟ್ಟು ಮುಂದೆ ಹೋಗುತ್ತೇವೆ, ಫೋಟೋ ತೆಗೆಯುತ್ತೇವೆ. ನಾನು ಎಷ್ಟೋ ವರ್ಷ ಹಾಗೇ ನಕ್ಕಿದ್ದೇನೆ. ಒಂದು ವರ್ಷ ನಿಂತು ಬೈಗುಳ ಕೇಳಿದೆ. ಜೊತೆಗೆ ಕರೆದುಕೊಂಡು ಹೋಗಿ ಕೈಬಿಟ್ಟೆಯಲ್ಲಾ ಎಂಬುದು ದೇವರ ಮೇಲಿನ ದೂರು. ನಮ್ಮ ಮೇಲಿನ ದೂರೂ ಅದೇ ಎಂದು ಆವತ್ತು ಅನ್ನಿಸಿತು. ವರ್ಷಕ್ಕೆ ಒಂದು ದಿನ ಅಷ್ಟು ಜೋರಾಗಿ ಹೇಳುವವರು, ಉಳಿದ ದಿನ ತಮ್ಮ ಇಷ್ಟದಿಂದ ದೂರ ಕೂತಿದ್ದಾರೆ ಎಂದು ನಾನಂತೂ ನಂಬಲಾರೆ.

ಪ್ರತ್ಯೇಕ ಲೋಟ ಈಗ ಎಲ್ಲೂ ಇಲ್ಲ ಎಂದಿದ್ದೀರಿ. ನಿಜ, ನಮ್ಮ ಮನೆಯ ಗೂಡೂ ಖಾಲಿ. ಆದರೆ ಮೊನ್ನೆ ಒಂದು ಮನೆಗೆ ಹೋಗಿದ್ದೆ. ನಮಗೆ ಪಿಂಗಾಣಿ ಕಪ್ಪಿನಲ್ಲಿ ಕಾಫಿ ಬಂತು. ಹಿತ್ತಲಲ್ಲಿ ಮೆಣಸು ಬಿಡಿಸುತ್ತಿದ್ದವರಿಗೆ ಪೇಪರ್ ಕಪ್. ಯಾಕೆ ಎಂದು ಕೇಳಿದೆ. ತೊಳೆಯುವ ರಗಳೆ ಇಲ್ಲ ನೋಡಿ ಎಂದರು. ನಮ್ಮ ಕಪ್ ತೊಳೆಯುವ ರಗಳೆ ಮಾತ್ರ ಯಾರಿಗೂ ಇರಲಿಲ್ಲ. ಅಸ್ಸಾಮಿನಿಂದ ಬಂದ ಕೆಲಸದವರಿಗಂತೂ ಹೆಸರೂ ಇಲ್ಲ. ಎಲ್ಲರನ್ನೂ ಒಂದೇ ಮಾತಿನಲ್ಲಿ 'ಬಾಂಗ್ಲಾ' ಎಂದು ಕರೆದು, ಸಂತೆಯಲ್ಲಿ ಅವರ ಪಕ್ಕ ನಿಲ್ಲಲೂ ಹಿಂಜರಿಯುತ್ತೇವೆ. ಪೇಟೆಯಲ್ಲಿ ಬಾಡಿಗೆ ಮನೆ ಕೇಳಲು ಹೋದವರಿಗೆ ಮುಂಗಡ ಎಷ್ಟು ಎಂಬುದಕ್ಕೆ ಮೊದಲೇ ನಿಮ್ಮದು ಯಾವ ಜನ ಎಂಬ ಪ್ರಶ್ನೆ ಬರುತ್ತದೆ. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ನೂರು ಜನರಲ್ಲಿ ಸುಮಾರು 10 ಮಂದಿ ಪರಿಶಿಷ್ಟ ಪಂಗಡದವರು, 13 ಮಂದಿ ಪರಿಶಿಷ್ಟ ಜಾತಿಯವರು. ಅಂದರೆ ನಾಲ್ಕರಲ್ಲಿ ಹತ್ತಿರ ಹತ್ತಿರ ಒಬ್ಬರು. ಸೌಹಾರ್ದ ಸಭೆಗಳಲ್ಲಿ ಸ್ವಾಮೀಜಿ, ಫಾದರ್, ಮೌಲವಿ ಒಂದೇ ಸಾಲಿನಲ್ಲಿ ಕೂತು ಚೆನ್ನಾಗಿ ಮಾತಾಡುತ್ತಾರೆ. ಆ ನಾಲ್ಕರಲ್ಲಿ ಒಬ್ಬರು ವೇದಿಕೆಯ ಮೇಲೆ ಇದ್ದದ್ದನ್ನು ನಾನು ನೋಡಿದ್ದು ಕಡಿಮೆ. ಕುರ್ಚಿ ಜೋಡಿಸುವವರಲ್ಲಿ ನೋಡಿದ್ದೇನೆ.

ನೀವು ಸಂಪ್ರದಾಯದ ಒಳ್ಳೆಯದನ್ನು ಬರೆಯಿರಿ ಎನ್ನುವವರು. ಬರೆಯುತ್ತೇನೆ, ಸಂತೋಷದಿಂದ. 1934ರ ಫೆಬ್ರುವರಿಯಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ಕೊಡಗಿಗೆ ಬಂದಿದ್ದರು. ಕತೆಗಾರ್ತಿ ಕೊಡಗಿನ ಗೌರಮ್ಮನವರಿಗೆ ಆಗ ಇಪ್ಪತ್ತೆರಡರ ಆಸುಪಾಸು. ಗಾಂಧೀಜಿ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತರು. ಅವರು ಬಂದ ಮೇಲೆ ಮೈಮೇಲಿನ ಒಡವೆ ಬಿಚ್ಚಿ ನಿಧಿಗೆ ಕೊಟ್ಟರು. ಸಂಪ್ರದಾಯಸ್ಥ ಬ್ರಾಹ್ಮಣ ಮನೆತನದ ಹೆಣ್ಣುಮಗಳು. ತನ್ನ ಕೊರಳಲ್ಲಿದ್ದದ್ದನ್ನು ಬಿಚ್ಚಿದರು. 1939ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ನೀರಿನ ಪಾಲಾದರು. ನಮ್ಮ ಜಿಲ್ಲೆಯ ಸಂಪ್ರದಾಯ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಅವರ ಹೆಸರು ಹೇಳುತ್ತೇನೆ.

ನೀವೂ ಒಳ್ಳೆಯವರು ಸರ್. ಅದಕ್ಕೇ ಇಷ್ಟು ಸಲಿಗೆಯಿಂದ ಬರೆದೆ. ಮದುವೆಗೆ ಖಂಡಿತ ಬರುತ್ತೇನೆ. ಊಟಕ್ಕೆ ನನ್ನ ಎಲೆಯನ್ನು ಲೈನ್ ಮನೆಯವರ ಎಲೆಯ ಪಕ್ಕದಲ್ಲೇ ಹಾಕಿಸಿ. ಅದು ಚಪ್ಪರದ ಒಳಗಿದ್ದರೆ ಒಳಗೆ ಬರುತ್ತೇನೆ, ಕಣದ ಆಚೆ ಇದ್ದರೆ ಅಲ್ಲಿಗೇ ಬರುತ್ತೇನೆ.

- ಸಂಪಾದಕ