ಸಂಪಾದಕರ ಉತ್ತರ: ರೇಡಿಯೋ ಇಲ್ಲದ ವಿಮಾನದಲ್ಲಿ ಪುಟಗಟ್ಟಲೆ ಮಾತು

ಮಾನ್ಯರೇ,

ಎರಡನೇ ಮಹಾಯುದ್ಧದ ಸೋವಿಯತ್ ಮಹಿಳಾ ಪೈಲಟ್‌ಗಳ ಮೇಲಿನ ಕಾದಂಬರಿಯನ್ನು ನಮ್ಮ ವಿಮರ್ಶಕರು ‘ನಿರಾಸೆ’ ಎಂದದ್ದು ನಿಮಗೆ ಬೇಸರ ತಂದಿದೆ. ‘ಕಾದಂಬರಿ ಎಂದಮೇಲೆ ಕಲ್ಪನೆ ಇರುತ್ತದೆ, ವಿಮಾನದ ನಟ್ಟು ಬೋಲ್ಟು ಎಣಿಸುತ್ತ ಕೂತರೆ ಹೇಗೆ?’ ಎಂದು ಕೇಳಿದ್ದೀರಿ. ಕಲ್ಪನೆಗೆ ನಮ್ಮ ತಕರಾರಿಲ್ಲ. ಆದರೆ ಇಲ್ಲಿ ಒಂದೊಂದು ವಿವರ ತಪ್ಪಿದಾಗಲೂ ಒಂದೊಂದು ಒಳ್ಳೆಯ ಸನ್ನಿವೇಶ ಕೈತಪ್ಪಿದೆ.

ನಾಯಕಿ ಇರುವುದು ಹೆಂಗಸರದ್ದೇ ಆದ 588ನೇ ರಾತ್ರಿ ಬಾಂಬರ್ ರೆಜಿಮೆಂಟಿನಲ್ಲಿ. ಅವಳ ಪಿಒ-2 ವಿಮಾನವನ್ನು ಸೋವಿಯತ್ ವಿನ್ಯಾಸಕ ಪೊಲಿಕಾರ್ಪೊವ್ 1920ರ ದಶಕದಲ್ಲಿ ತರಬೇತಿಗೆಂದು ರೂಪಿಸಿದ್ದು. ಮರದ ಚೌಕಟ್ಟು, ಮೇಲೆ ಬಟ್ಟೆ, ಸುಮಾರು 100 ಅಶ್ವಶಕ್ತಿಯ ಎಂಜಿನ್. ಗಂಟೆಗೆ 150 ಕಿ.ಮೀ. ದಾಟುವುದೇ ಕಷ್ಟ. ವಿಮಾನಗಳ ನಡುವೆ ಮಾತಾಡಲು ರೇಡಿಯೋ ಇರಲಿಲ್ಲ. ಕಾದಂಬರಿಯ ನಾಯಕಿಯೋ, ಪಕ್ಕದ ವಿಮಾನದ ಗೆಳತಿಯೊಡನೆ ಪುಟಗಟ್ಟಲೆ ಹರಟುತ್ತಾಳೆ. ನಿಜದಲ್ಲಿ ಮುಂದಿನ ವಿಮಾನ ಉರಿದು ಬೀಳುವುದನ್ನು ಕಣ್ಣಾರೆ ಕಂಡರೂ ಉಳಿದವರನ್ನು ಎಚ್ಚರಿಸಲು ದಾರಿಯೇ ಇರಲಿಲ್ಲ. 1943ರ ಜುಲೈ 31ರ ರಾತ್ರಿ ಆದದ್ದು ಅದೇ. ಸರ್ಚ್‌ಲೈಟುಗಳು ಹೊತ್ತಿಕೊಂಡವು, ನೆಲದ ಫಿರಂಗಿಗಳು ಮಾತ್ರ ಸುಮ್ಮನಿದ್ದವು. ಜರ್ಮನ್ನರದೇ ನೈಟ್ ಫೈಟರ್, ಅಂದರೆ ರಾತ್ರಿ ಕಾದಾಡುವ ವಿಮಾನ, ಮೇಲೆ ಇದ್ದುದರಿಂದ ಅವು ಗುಂಡು ಹಾರಿಸಲಿಲ್ಲ. ಒಂದೇ ರಾತ್ರಿ ನಾಲ್ಕು ವಿಮಾನ, ಎಂಟು ಹೆಣ್ಣುಮಕ್ಕಳು ಹೋದರು. ಲೇಖಕರು ಇದನ್ನು ಎರಡು ಸಾಲಿನಲ್ಲಿ ಮುಗಿಸಿ, ಅಧಿಕಾರಿಯೊಬ್ಬನ ಪ್ರೇಮಪತ್ರಕ್ಕೆ ಇಡೀ ಅಧ್ಯಾಯ ಕೊಟ್ಟಿದ್ದಾರೆ.

ದಾಳಿಯ ವರ್ಣನೆಯಲ್ಲೂ ಎಂಜಿನ್ ಗುಡುಗುತ್ತದೆ. ಈ ಪೈಲಟ್‌ಗಳ ಪಟ್ಟು ಅದಕ್ಕೆ ತದ್ವಿರುದ್ಧ: ಗುರಿ ಹತ್ತಿರವಾದಂತೆ ಎಂಜಿನ್ ತಗ್ಗಿಸಿ, ಸದ್ದಿಲ್ಲದೆ ಜಾರಿಕೊಂಡು ಬರುವುದು. ಅಪಾಯವಿದ್ದದ್ದೂ ಅಲ್ಲೇ. ಚಳಿಯಲ್ಲಿ ಬಹಳ ಹೊತ್ತು ಜಾರಿದರೆ ಎಂಜಿನ್ ತಣ್ಣಗಾಗಿ, ಬೇಕಾದಾಗ ವೇಗ ಹಿಡಿಯದೆ ಹೋಗಬಹುದು. ತೀರಾ ಕೆಳಗಿಳಿದರೆ ತಮ್ಮದೇ ಬಾಂಬಿನ ಚೂರು ರೆಕ್ಕೆ ಸೀಳಬಹುದು. ಈ ಎರಡರ ನಡುವೆ ಲೆಕ್ಕ ಹಾಕುತ್ತಿದ್ದವಳು ಹಿಂದಿನ ಸೀಟಿನ ನ್ಯಾವಿಗೇಟರ್. ಕಾದಂಬರಿಯಲ್ಲಿ ಅವಳಿಗೆ ಹೆಸರೇ ಇಲ್ಲ.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ನೆಲದ ಮೇಲಿನ ಹುಡುಗಿಯರನ್ನು ಕೈಬಿಟ್ಟದ್ದು. ಬಾಂಬು ತೂಗುಹಾಕುತ್ತಿದ್ದವರೂ, ಎಂಜಿನ್ ನೋಡಿಕೊಳ್ಳುತ್ತಿದ್ದವರೂ ಹೆಂಗಸರೇ. ವಿಮಾನವೊಂದು ರಾತ್ರಿಗೆ ಎಂಟು ಹತ್ತು ಸಲ ಹೋಗಿಬಂದರೆ, ಅಷ್ಟೂ ಸಲ 50 ಕೆ.ಜಿ., 100 ಕೆ.ಜಿ. ಬಾಂಬುಗಳನ್ನು ಕತ್ತಲಲ್ಲಿ, ಕೆಸರಲ್ಲಿ ಮಂಡಿಯೂರಿ ಕೈಯಿಂದಲೇ ಎತ್ತಿ ಕೆಳರೆಕ್ಕೆಯ ಅಡಿ ಸಿಕ್ಕಿಸಬೇಕು. ಬಾಂಬು ಸಿಡಿಸುವ ಫ್ಯೂಸ್ ಕೂರಿಸುವುದು ಸೂಕ್ಷ್ಮದ ಕೆಲಸ, ಕೈಗವಸು ಹಾಕಿಕೊಂಡರೆ ಆಗದು. ಹೆಪ್ಪುಗಟ್ಟಿಸುವ ಚಳಿಯಲ್ಲೂ ಬರಿಗೈಯಲ್ಲೇ ಲೋಹ ಮುಟ್ಟಬೇಕು. ಒಂದು ವಿಮಾನಕ್ಕೆ ಒಬ್ಬ ಮೆಕ್ಯಾನಿಕ್ ಎಂಬ ಸೇನೆಯ ಕಟ್ಟಳೆಯನ್ನೇ ಬದಿಗಿಟ್ಟು, ಇಂಧನಕ್ಕೊಂದು ತಂಡ, ಬಾಂಬಿಗೊಂದು ತಂಡ ಮಾಡಿಕೊಂಡು, ಬಂದಿಳಿದ ವಿಮಾನವನ್ನು ಕೆಲವೇ ನಿಮಿಷಗಳಲ್ಲಿ ಮರಳಿ ಕಳಿಸುತ್ತಿದ್ದರು. ರೆಜಿಮೆಂಟಿನ 23,000ಕ್ಕೂ ಮೀರಿದ ಹಾರಾಟಗಳು ಸಾಧ್ಯವಾದದ್ದು ಈ ದುಡಿಮೆಯಿಂದ.

ಕಥೆಗೆ ಏನು ಕೊರತೆಯಿತ್ತು ಹೇಳಿ? ಕೊಟ್ಟದ್ದೆಲ್ಲ ಗಂಡಸರ ಅಳತೆಯ ಉಡುಪು. ಅದಕ್ಕೇ ಇಬ್ಬರು ಹುಡುಗಿಯರು, ಗುರಿ ಕಾಣಲೆಂದು ಉರಿಸಿ ಬಿಡುವ ಬೆಳಕಿನ ಬಾಂಬಿನ ಪುಟ್ಟ ಪ್ಯಾರಾಶೂಟ್ ಬಿಚ್ಚಿ, ಅದರ ಬಟ್ಟೆಯಲ್ಲಿ ಒಳಉಡುಪು ಹೊಲಿದುಕೊಂಡರು. ಸೇನಾ ನ್ಯಾಯಾಲಯ ಅವರಿಗೆ 10 ವರ್ಷ ಶಿಕ್ಷೆ ವಿಧಿಸಿತು. ರೆಜಿಮೆಂಟಿನಲ್ಲೇ ದುಡಿದು ಅದನ್ನು ತೀರಿಸಲು ಬಿಟ್ಟರು. ಬಾಂಬಿಗೆ ಪ್ಯಾರಾಶೂಟ್ ಇತ್ತು, ಹಾರುವವರಿಗೆ 1944ರವರೆಗೂ ಇರಲಿಲ್ಲ. ಕಾದಂಬರಿಯ ನಾಯಕಿ 1942ರಲ್ಲೇ ಪ್ಯಾರಾಶೂಟಿನಲ್ಲಿ ಹಾರಿ ಪಾರಾಗುತ್ತಾಳೆ. ಉರಿಯುವ ವಿಮಾನವನ್ನು ತಮ್ಮ ಸೇನೆಯಿದ್ದ ನೆಲದವರೆಗೆ ತಲುಪಿಸಬೇಕು, ಇಲ್ಲವೇ ಅದರೊಂದಿಗೇ ಹೋಗಬೇಕು ಎಂಬ ಸ್ಥಿತಿಯಲ್ಲಿದ್ದವರ ಭಯವನ್ನು ಇದು ಸುಳ್ಳು ಮಾಡುತ್ತದೆ.

ಎಂಗೆಲ್ಸ್ ಪಟ್ಟಣದ ತರಬೇತಿಯ ಭಾಗ ಚೆನ್ನಾಗಿದೆ ಎಂಬ ನಿಮ್ಮ ಮಾತು ಒಪ್ಪಬೇಕಾದ್ದೇ. ಈ ಮಹಿಳಾ ರೆಜಿಮೆಂಟುಗಳನ್ನು ಕಟ್ಟಿದ ಮರೀನಾ ರಸ್ಕೋವಾ ಎಲ್ಲರ ಜಡೆ ಕತ್ತರಿಸಲು ಅಪ್ಪಣೆ ಕೊಡುವ ದೃಶ್ಯದಲ್ಲಿ ಲೇಖಕರು ಆತುರಪಟ್ಟಿಲ್ಲ, ಯಾರನ್ನೂ ವೀರರನ್ನಾಗಿಸಲು ಹೋಗಿಲ್ಲ. ವಿಮರ್ಶೆಯಲ್ಲಿ ಅದನ್ನು ಹೇಳಬೇಕಿತ್ತು. ಉಳಿದಂತೆ ವಿಮರ್ಶಕರ ಅಭಿಪ್ರಾಯವೇ ನಮ್ಮದೂ.

– ಸಂಪಾದಕ